ಅಲ್‌ಬೆರೂನಿ ಕಲಿತ ನಾಡು

ಕನ್ನಡ ಲಿಪಿಯನ್ನು ಹೆಸರಿಸುವ ಒಂದು ಚಿಕ್ಕ ಮಾತು ಸುಮಾರು ಸಾವಿರ ವರ್ಷಗಳ ಹಿಂದಿನ ಅರಬ್ಬೀ ಗ್ರಂಥವೊಂದರಲ್ಲಿದೆ. ಹಿಂದೂದೇಶದ ಬೇರೆ ಬೇರೆ ಸೀಮೆಗಳಲ್ಲಿ ಬಳಕೆಯಲ್ಲಿದ್ದ ಲಿಪಿಗಳನ್ನು ಒಂದೊಂದಾಗಿ ಎಣಿಸುತ್ತ ಬರುವ ಗ್ರಂಥಕರ್ತನು, ಕರ್ಣಾಟ ಲಿಪಿಯು ಕರ್ಣಾಟ ದೇಶದಲ್ಲಿ ನಡೆಯುತ್ತದೆ, ಸೈನ್ಯಗಳಲ್ಲಿ ‘ಕನ್ನರ’ರೆಂದು ಹೆಸರಾದ ಯೋಧರು ಬರುವುದು ಆ ದೇಶದಿಂದಲೇ ಎಂದು ಹೇಳಿ, ಮುಂದಿನ ಆಂಧ್ರ ಲಿಪಿಗೆ ಹೊರಟುಬಿಡುತ್ತಾನೆ. ನಮ್ಮ ಬರಹದ ಪಾಲಿಗೆ ದೊರೆತದ್ದು ಆ ಒಂದು ಮಾತು.

ವಿದ್ಯಾರ್ಥಿಯಾಗಿದ್ದಾಗ ಮೈಸೂರಿನ ಗ್ರಂಥಾಲಯವೊಂದರಲ್ಲಿ, ಜರ್ಮನ್ ವಿದ್ವಾಂಸ ಎಡ್ವರ್ಡ್ ಸಖಾವ್ ಅವರ ಇಂಗ್ಲಿಷ್ ಅನುವಾದದಲ್ಲಿ ಇದನ್ನು ನಾನು ಮೊದಲು ಓದಿದೆ. ಓದಿ ಸ್ವಲ್ಪ ಬೇಸರವನ್ನೇ ಪಟ್ಟೆ. ಗ್ರಂಥ ಸಿದ್ಧವಾದದ್ದು ಕ್ರಿ.ಶ. ೧೦೩೦ರ ಸುಮಾರಿಗೆ. ಆಗ ಇಲ್ಲಿ ಚಾಲುಕ್ಯರ ಇಮ್ಮಡಿ ಜಯಸಿಂಹನು ಆಳುತ್ತಿದ್ದನು. ಪಂಪನು ತನ್ನ ಭಾರತವನ್ನು ರಚಿಸಿ ತೊಂಬತ್ತು ವರ್ಷಗಳಾಗುತ್ತ ಬಂದಿದ್ದವು. ಬೆಳಗೊಳದ ಬೆಟ್ಟದ ಮೇಲೆ ಗೊಮ್ಮಟನು ನಿಂತು ಅರ್ಧ ಶತಮಾನ ಸಂದಿತ್ತು. ಇಷ್ಟೆಲ್ಲ ಇದ್ದೂ ನಮ್ಮ ಲಿಪಿಗೆ ಒಂದು ಹೆಸರು, ನಮ್ಮ ಯೋಧರಿಗೆ ಒಂದು ಹೆಸರು, ಅಷ್ಟೇ! ಹುಡುಗುತನದ ಅಭಿಮಾನಕ್ಕೆ ಅದು ಸಾಲದೆ ಹೋಯಿತು. ಆಮೇಲೆ ಬಹುಕಾಲ ಚರಿತ್ರೆಯ ಅಧ್ಯಾಪಕನಾಗಿದ್ದು, ಆ ಗ್ರಂಥವನ್ನು ಮತ್ತೆ ಮತ್ತೆ ತೆರೆದ ಮೇಲೆ, ಆ ಒಂದು ಮಾತಿನ ಬೆಲೆ ನನಗೆ ಬೇರೆಯಾಗಿ ಕಾಣತೊಡಗಿತು. ಪರರ ನಾಡನ್ನು, ಅಲ್ಲಿನ ಜನರನ್ನು, ಅವರ ಬಾಳಿನ ಬಗೆಯನ್ನು ಅರಿಯುವುದೆಂದರೆ ಏನು ಎಂದು ಯಾರಾದರೂ ಕೇಳಿದರೆ, ಆ ಗ್ರಂಥಕರ್ತನ ಕಥೆಯನ್ನು ಹೇಳುವುದೇ ಸರಿಯಾದ ಉತ್ತರವೆಂದು ಈಗ ನನಗೆ ತೋರುತ್ತದೆ.

ಆತನೇ ಅಬೂ ರೈಹಾನ್ ಅಲ್‌ಬೆರೂನಿ. ಹುಟ್ಟಿದ್ದು ೯೭೩ರಲ್ಲಿ, ಮಧ್ಯ ಏಷ್ಯದ ಖ್ವಾರಿಜ್ಮ್ ಸೀಮೆಯಲ್ಲಿ, ಇಂದಿನ ಉಜ್ಬೇಕಿಸ್ತಾನದಲ್ಲಿ. ‘ಬೆರೂನ್’ ಎಂದರೆ ಪಾರಸೀ ಭಾಷೆಯಲ್ಲಿ ‘ಹೊರಗೆ’ ಎಂದರ್ಥ. ಪಟ್ಟಣದ ಹೊರವಲಯದವನಾದುದರಿಂದ ಆ ಹೆಸರು ಬಂದಿತೆನ್ನುತ್ತಾರೆ. ಜ್ಯೋತಿಷ, ಗಣಿತ, ಭೂಗೋಳ ಇವುಗಳಲ್ಲಿ ಆತನಿಗೆ ಸಮನಾದವರು ಆ ಕಾಲದಲ್ಲಿ ವಿರಳ. ೧೦೧೭ರಲ್ಲಿ ಘಜನಿಯ ಮಹಮೂದನು ಖ್ವಾರಿಜ್ಮನ್ನು ಗೆದ್ದು, ಅಲ್ಲಿನ ಪಂಡಿತರನ್ನೂ ತನ್ನ ರಾಜಧಾನಿಗೆ ಕರೆದೊಯ್ದನು. ಅವರಲ್ಲಿ ನಲವತ್ತು ದಾಟಿದ್ದ ಬೆರೂನಿಯೂ ಒಬ್ಬನು. ನಮ್ಮ ದೇಶಕ್ಕೆ ಆತ ಬಂದುದು ತಾನಾಗಿ ಹೊರಟ ಯಾತ್ರಿಕನಂತಲ್ಲ. ತನ್ನ ನಾಡನ್ನು ಗೆದ್ದ ದೊರೆಯ ನೆರಳಿನಲ್ಲಿ. ತನ್ನ ಬರವು ಹೋಗವುಗಳಲ್ಲಿ ತನಗೆ ಪೂರ್ಣ ಸ್ವಾತಂತ್ರ್ಯವಿರಲಿಲ್ಲವೆಂಬುದನ್ನು ಆತನೇ ತನ್ನ ಗ್ರಂಥದ ಮೊದಲ ಅಧ್ಯಾಯದಲ್ಲಿ ಹೇಳಿಕೊಂಡಿದ್ದಾನೆ.

ಎಂಬತ್ತು ಅಧ್ಯಾಯಗಳ ಆ ಗ್ರಂಥವನ್ನು ಸಾಮಾನ್ಯವಾಗಿ ‘ಕಿತಾಬುಲ್ ಹಿಂದ್’ ಎನ್ನುವುದುಂಟು. ಪರಮತಗಳನ್ನು ಕುರಿತು ಬರೆಯುವವರು ಕೇಳಿದ್ದನ್ನೇ ಕೇಳಿ, ನಕಲು ಮಾಡಿದ್ದನ್ನೇ ನಕಲು ಮಾಡಿ ಸುಳ್ಳನ್ನು ಬೆಳೆಸುತ್ತಾರೆಂಬ ಮಾತು ಹಿರಿಯನೊಬ್ಬನ ಸಂಗಡ ಬಂದಾಗ ಈ ಬರವಣಿಗೆಗೆ ತಾನು ತೊಡಗಿದುದಾಗಿ ಆತ ಪೀಠಿಕೆಯಲ್ಲಿ ತಿಳಿಸುತ್ತಾನೆ. ತನ್ನದು ವಾದದ ಗ್ರಂಥವಲ್ಲ. ಹಿಂದೂಗಳು ಹೇಳುವುದನ್ನು ಅವರ ಮಾತಿನಲ್ಲಿಯೇ ಮುಂದಿಡುತ್ತೇನೆ ಎಂಬುದು ಆತ ತನಗೆ ತಾನೇ ಹಾಕಿಕೊಂಡ ಕಟ್ಟಳೆ.

ಅವರ ಮಾತಿನಲ್ಲಿ ಹೇಳಬೇಕಾದರೆ ಅವರ ಮಾತನ್ನು ಕಲಿಯಬೇಕು. ನಡುವಯಸ್ಸಿನಲ್ಲಿ ಆತ ಸಂಸ್ಕೃತಕ್ಕೆ ಕೂತನು. ಒಂದೇ ವಸ್ತುವಿಗೆ ಹಲವು ಹೆಸರು, ಒಂದೇ ಹೆಸರಿಗೆ ಹಲವು ಅರ್ಥ. ಎರಡು ಮೂರು ವ್ಯಂಜನಗಳು ಒಟ್ಟಿಗೆ ಬಂದಾಗ ನಾಲಗೆ ಹೊರಳದು. ಲಿಪಿಕಾರರ ಅಜಾಗ್ರತೆಯಿಂದ ಒಂದೆರಡು ಪ್ರತಿಗಳಾಗುವಷ್ಟರಲ್ಲಿ ಗ್ರಂಥವೇ ಗುರುತು ಸಿಗದಂತಾಗುತ್ತದೆ. ಈ ತೊಡಕುಗಳನ್ನೆಲ್ಲ ಆತ ಬಿಡಿಸಿ ಹೇಳಿದ್ದಾನೆ. ಅವುಗಳಲ್ಲಿ ಒಂದು ನನಗೆ ಬಹಳ ಪ್ರಿಯವಾದುದು. ಪದವೊಂದನ್ನು ಇಲ್ಲಿನವರ ಬಾಯಿಂದಲೇ ಕೇಳಿ, ಅದರ ಉಚ್ಚಾರಣೆಯನ್ನು ಕಷ್ಟಪಟ್ಟು ಬರೆದುಕೊಂಡು, ಆಮೇಲೆ ಅವರೆದುರಿಗೇ ಅದನ್ನು ಓದಿದರೆ, ಅವರಿಗೆ ಅದು ಯಾವ ಪದವೆಂದು ತಿಳಿಯುವುದೇ ದುಸ್ತರವಾಗುತ್ತಿತ್ತಂತೆ! ಖಗೋಳದ ಲೆಕ್ಕಗಳಲ್ಲಿ ತಪ್ಪದ ಮಹಾಪಂಡಿತನೊಬ್ಬ ಒಂದು ಪದದ ಮುಂದೆ ಮಗುವಿನಂತೆ ತೊದಲಿ ನಿಂತ ಚಿತ್ರವಿದು. ಅದನ್ನು ಮುಚ್ಚಿಡದೆ ಬರೆದುದು ಆತನ ದೊಡ್ಡತನ.

ಆ ತೊದಲಿನಿಂದ ಆತ ನಡೆದ ದೂರವಾದರೂ ಸಾಮಾನ್ಯವಲ್ಲ. ಪತಂಜಲಿಯ ಯೋಗಶಾಸ್ತ್ರವನ್ನು ಅರಬ್ಬಿಗೆ ತಂದನು. ಆ ಅನುವಾದ ಇಂದಿಗೂ ಉಳಿದಿದೆ. ಸಾಂಖ್ಯದ ಗ್ರಂಥವೊಂದನ್ನೂ ಅನುವಾದಿಸಿದನು. ಯೂಕ್ಲಿಡನ ರೇಖಾಗಣಿತವನ್ನು, ಟಾಲೆಮಿಯ ಜ್ಯೋತಿಷ ಗ್ರಂಥವನ್ನು ಇಲ್ಲಿನವರಿಗಾಗಿ ಸಂಸ್ಕೃತಕ್ಕೆ ತರುವ ಯತ್ನವನ್ನೂ ಮಾಡಿದನು. ಪಂಡಿತರು ಅದನ್ನೆಲ್ಲ ಕೂಡಲೆ ಶ್ಲೋಕಗಳಾಗಿ ಕಟ್ಟಿಬಿಡುತ್ತಾರೆ, ಆಮೇಲೆ ಅರ್ಥವಾಗುವುದೇ ಕಷ್ಟ ಎಂಬ ಕೊರಗೂ ಆತನಿಗಿತ್ತು. ಜ್ಯೋತಿಷಿಗಳ ನಡುವೆ ಮೊದಲು ಶಿಷ್ಯನಾಗಿ ನಿಂತೆನೆಂದೂ, ಕ್ರಮೇಣ ತಾನು ಅವರಿಗೆ ಕಾರಣಗಳನ್ನು ವಿವರಿಸತೊಡಗಿದಾಗ ಇವನು ಯಾವ ಹಿಂದೂ ಗುರುವಿನಲ್ಲಿ ಕಲಿತವನೆಂದು ಅವರು ಬೆರಗಾಗಿ ಕೇಳಿದರೆಂದೂ, ತನ್ನನ್ನು ‘ಕಡಲು’ ಎಂದು ಕರೆದರೆಂದೂ ಬರೆಯುತ್ತಾನೆ. ಈ ಮಾತಿನಲ್ಲಿ ಸ್ವಲ್ಪ ಹೆಮ್ಮೆಯಿದೆ. ಶಿಷ್ಯನಾಗಿ ನಿಂತು ಗಳಿಸಿದ ಹೆಮ್ಮೆಯಾದುದರಿಂದ ಅದನ್ನು ಒಪ್ಪಬಹುದು.

ನೆಲವನ್ನು ಆತ ನೋಡಿದ ಬಗೆಯೂ ಹೀಗೆಯೇ. ಉತ್ತರದ ಮಹಾಬಯಲಿನಲ್ಲಿ ನೆಲವನ್ನು ಅಗೆದಾಗ ಸಿಗುವ ಕಲ್ಲುಗಳನ್ನು ಗಮನಿಸಿದನು. ಪರ್ವತಗಳ ಬಳಿ, ನದಿಯ ಸೆಳವು ಜೋರಾಗಿರುವಲ್ಲಿ ದುಂಡನೆಯ ದೊಡ್ಡ ಕಲ್ಲುಗಳು; ದೂರ ಹೋದಂತೆ ಚಿಕ್ಕವು; ಕಡಲಿನ ಕಡೆಗೆ ಸಾಗಿದಂತೆ ಬರಿಯ ಮರಳು. ಈ ಬಯಲೆಲ್ಲ ಹಿಂದೆ ಕಡಲಾಗಿದ್ದು, ನದಿಗಳು ತಂದ ಮಣ್ಣಿನಿಂದ ತುಂಬಿಕೊಂಡಿತೆಂದು ಅದರಿಂದ ಊಹಿಸಿದನು. ಇಂದಿನ ಪಾಕಿಸ್ತಾನಕ್ಕೆ ಸೇರಿದ ಪಂಜಾಬಿನ ಉಪ್ಪಿನ ಬೆಟ್ಟಗಳ ಸಾಲಿನಲ್ಲಿ ನಂದನವೆಂಬ ಕೋಟೆಯುಂಟು. ಅದರ ಬಳಿಯ ಬೆಟ್ಟವನ್ನೇರಿ, ದಿಗಂತವು ಕಣ್ಣಿನ ಮಟ್ಟದಿಂದ ಎಷ್ಟು ಕೆಳಗಿಳಿದು ಕಾಣುತ್ತದೆಂದು ಅಳೆದನು. ಆತನಿಗೆ ದೊರೆತ ಕೋನ ಮೂವತ್ತನಾಲ್ಕು ಕಲೆ. ಒಂದು ಅಂಶಕ್ಕೂ ಕಡಮೆ. ಆ ಕೋನದಿಂದ, ಬೆಟ್ಟದ ಎತ್ತರದಿಂದ ಇಡೀ ಭೂಮಿಯ ಅಳತೆಯನ್ನು ಲೆಕ್ಕ ಹಾಕಿದನು. ಅದು ಕೆಲವೇ ವರ್ಷಗಳ ಹಿಂದೆ ಮಹಮೂದನು ವಶಪಡಿಸಿಕೊಂಡಿದ್ದ ಕೋಟೆ. ದೊರೆಗೆ ಅದು ದಂಡಿನ ದಾರಿಯ ಕಾವಲು, ಪಂಡಿತನಿಗೆ ಭೂಮಂಡಲವನ್ನು ಅಳೆಯುವ ಮೆಟ್ಟಿಲು.

ಸೋಮನಾಥದ ವಿಷಯದಲ್ಲಿ ಈ ಭೇದ ಇನ್ನೂ ಎದ್ದು ಕಾಣುತ್ತದೆ. ಮಹಮೂದನು ಆ ದೇವಾಲಯವನ್ನು ಹಾಳುಗೆಡವಿದುದು ೧೦೨೬ರಲ್ಲಿ. ಬೆರೂನಿ ಅದನ್ನು ಬಚ್ಚಿಡುವುದಿಲ್ಲ. ಒಡೆದ ಲಿಂಗದ ಭಾಗವೊಂದು ಘಜನಿಯ ಮಸೀದಿಯ ಬಾಗಿಲಲ್ಲಿ ಬಿದ್ದಿದೆಯೆಂಬುದನ್ನೂ ದಾಖಲಿಸುತ್ತಾನೆ. ಆದರೆ ಆತನ ಮನಸ್ಸು ಆ ಹೆಸರಿನ ಅರ್ಥವನ್ನು ಹುಡುಕುತ್ತ ಹೋಗುತ್ತದೆ. ಸೋಮನೆಂದರೆ ಚಂದ್ರ, ಸೋಮನಾಥನೆಂದರೆ ಚಂದ್ರನ ಒಡೆಯ. ಚಂದ್ರನು ಹುಟ್ಟುವಾಗಲೂ ಮುಳುಗುವಾಗಲೂ ಕಡಲು ಉಬ್ಬಿ ಬಂದು ಆ ಸ್ಥಳವನ್ನು ಮುಳುಗಿಸುತ್ತದೆ. ಚಂದ್ರನು ನೆತ್ತಿಗೆ ಬಂದಾಗ ನೀರು ಇಳಿಯುತ್ತದೆ. ಹೀಗೆ ಚಂದ್ರನು ಎಡೆಬಿಡದೆ ತನ್ನ ಒಡೆಯನಿಗೆ ಅಭಿಷೇಕ ಮಾಡುತ್ತಿದ್ದಾನೆಂಬ ಭಾವನೆಯಿಂದ ಆ ಹೆಸರು ಬಂದಿತೆಂದು ಆತ ವಿವರಿಸುತ್ತಾನೆ. ಗಂಗೆಯ ನೀರು, ಕಾಶ್ಮೀರದ ಹೂವು ಆ ದೇವರಿಗೆ ದಿನವೂ ಬರುತ್ತಿದ್ದುದನ್ನೂ ಹೇಳುತ್ತಾನೆ. ಕೆಡಹಿದ ಗುಡಿಯ ಒಳಗಿದ್ದ ಭಾವವನ್ನು, ಕೆಡಹಿದವನ ಆಸ್ಥಾನದಲ್ಲಿಯೇ ಕುಳಿತು ಒಬ್ಬನು ಹೀಗೆ ಎತ್ತಿ ಇರಿಸಿದನು.

ಗೆದ್ದವನಿಗೂ ಗೆದ್ದ ನಾಡಿನ ಮಾತು ಬೇಡವಾಗಲಿಲ್ಲವೆಂಬುದು ಇನ್ನೊಂದು ಸೋಜಿಗ. ಸೋಮನಾಥದ ದಾಳಿ ನಡೆದು ಒಂದೆರಡು ವರ್ಷಗಳಲ್ಲಿಯೇ ಮಹಮೂದನು ಲಾಹೋರಿನಲ್ಲಿ ಅಚ್ಚು ಹಾಕಿಸಿದ ಬೆಳ್ಳಿಯ ನಾಣ್ಯಗಳ ಒಂದು ಮುಖದಲ್ಲಿ ಅರಬ್ಬಿ, ಇನ್ನೊಂದು ಮುಖದಲ್ಲಿ ಶಾರದಾ ಲಿಪಿಯ ಸಂಸ್ಕೃತ. ಇಸ್ಲಾಮಿನ ಏಕದೇವತ್ವದ ಘೋಷಣೆಗೆ ಅಲ್ಲಿ ಬಳಸಿರುವುದು ನಮ್ಮ ದರ್ಶನಗಳಲ್ಲಿ ಚಿರಪರಿಚಿತವಾದ ‘ಅವ್ಯಕ್ತ’ವೆಂಬ ಶಬ್ದ, ಪ್ರವಾದಿಗೆ ‘ಅವತಾರ’ವೆಂಬ ಶಬ್ದ. ಟಂಕಸಾಲೆಯ ಯಾವುದೋ ಮೂಲೆಯಲ್ಲಿ ಎರಡು ಭಾಷೆಗಳನ್ನು ಬಲ್ಲವರು ಯಾರೋ ತಲೆ ಕೆಡಿಸಿಕೊಂಡು ಆ ಪದಗಳನ್ನು ಆಯ್ದಿರಬೇಕು.

ಬೆರೂನಿ ನಮ್ಮನ್ನು ಹೊಗಳಲು ಬಂದವನಲ್ಲ. ತಮ್ಮ ದೇಶದಂಥ ದೇಶವಿಲ್ಲ, ತಮ್ಮ ವಿದ್ಯೆಯಂಥ ವಿದ್ಯೆಯಿಲ್ಲ ಎಂಬ ಇಲ್ಲಿನವರ ಗರ್ವವನ್ನು ಕಟುವಾಗಿಯೇ ಟೀಕಿಸಿದ್ದಾನೆ. ಯವನರು ಶಾಸ್ತ್ರಜ್ಞರಾದುದರಿಂದ ಗೌರವಾರ್ಹರೆಂದ ವರಾಹಮಿಹಿರನನ್ನು ನೆನೆದು, ಇವರ ಹಿಂದಿನವರು ಹೀಗಿರಲಿಲ್ಲ ಎನ್ನುತ್ತಾನೆ. ಮ್ಲೇಚ್ಛನೆಂದು ದೂರವಿಟ್ಟು, ಸಹಪಂಕ್ತಿಗೂ ಸೇರಿಸದ ಆಚಾರವನ್ನು ವಿವರಿಸಿ, ಮರುಕ್ಷಣವೇ ನ್ಯಾಯಕ್ಕೆ ತಲೆಬಾಗಿ, ಪರಕೀಯರನ್ನು ಕೀಳಾಗಿ ಕಾಣುವುದು ಎಲ್ಲ ಜನಾಂಗಗಳಲ್ಲಿಯೂ ಇರುವ ದೋಷವೆಂದು ಸೇರಿಸುತ್ತಾನೆ. ವಿಗ್ರಹಾರಾಧನೆಯನ್ನು ಕುರಿತು ಬರೆಯುವಾಗಲೂ, ಮೆಕ್ಕೆಯ ಚಿತ್ರವೊಂದನ್ನು ತೋರಿಸಿದರೆ ಓದುಬರಹವಿಲ್ಲದ ತನ್ನವನೂ ಅದಕ್ಕೆ ಮುತ್ತಿಡಲಾರನೇ ಎಂಬ ಅರ್ಥದಲ್ಲಿ ತನ್ನವರನ್ನೇ ಕೇಳುತ್ತಾನೆ. ಪರರ ದೋಷವನ್ನು ಹೇಳುವಾಗ ತನ್ನ ಮನೆಯ ಕಡೆಗೂ ಒಮ್ಮೆ ತಿರುಗಿ ನೋಡುವ ಈ ಅಭ್ಯಾಸ ಆತನಲ್ಲಿ ಕೊನೆಯವರೆಗೂ ಉಳಿದಿದೆ.

ಆದರೂ ಈ ಅರಿವಿಗೆ ಒಂದು ಬೆಲೆಯಿತ್ತು. ಅದನ್ನೂ ಆತನೇ ಗುರುತಿಸಿದನು. ಮಹಮೂದನ ದಂಡಯಾತ್ರೆಗಳಿಂದ ಈ ದೇಶದ ಸಮೃದ್ಧಿ ನಾಶವಾಯಿತು, ಜನರು ಧೂಳಿನಂತೆ ಚದುರಿದರು, ಅವರ ಮನಸ್ಸಿನಲ್ಲಿ ತನ್ನವರ ಮೇಲೆ ತೀರದ ದ್ವೇಷ ನೆಲೆಸಿತು, ಅವರ ವಿದ್ಯೆಗಳು ಕಾಶ್ಮೀರ ಕಾಶಿಗಳಂಥ ಕೈಗೆಟುಕದ ಎಡೆಗಳಿಗೆ ಸರಿದುಹೋದವು ಎಂದು ಸ್ಪಷ್ಟವಾಗಿ ಬರೆದಿದ್ದಾನೆ. ಯಾವ ಕತ್ತಿ ಆತನಿಗೆ ಈ ನಾಡಿನ ಬಾಗಿಲನ್ನು ತೆರೆಯಿತೋ ಅದೇ ಕತ್ತಿ ನಾಡಿನವರ ಬಾಯನ್ನು ಮುಚ್ಚಿಸಿತ್ತು. ಈ ನೋವನ್ನು ತಿಳಿದೂ ಆತ ಹಣವನ್ನೂ ಶ್ರಮವನ್ನೂ ಲೆಕ್ಕಿಸದೆ ಪುಸ್ತಕಗಳನ್ನು ಅರಸಿದನು, ದೂರದ ಊರುಗಳಿಂದ ಪಂಡಿತರನ್ನು ಬರಮಾಡಿಕೊಂಡನು.

ಹೀಗೆ ಗಳಿಸಿದ ತಿಳಿವಿಗೆ ಮಿತಿಯಿತ್ತು. ಪೆಷಾವರ, ಝೇಲಂ, ನಂದನ, ಮುಲ್ತಾನ ಮೊದಲಾದ ಕೆಲವು ಸ್ಥಳಗಳ ಅಕ್ಷಾಂಶಗಳನ್ನು ತಾನೇ ಅಳೆದುದಾಗಿ ಹೇಳಿ, ಅವುಗಳಿಂದಾಚೆಗೆ ಹಿಂದೂದೇಶದಲ್ಲಿ ತಾನು ಹೋದವನಲ್ಲವೆಂದು ಬರೆದುಬಿಡುತ್ತಾನೆ. ಬೌದ್ಧರ ಗ್ರಂಥವೊಂದೂ ತನಗೆ ಸಿಗಲಿಲ್ಲ, ಅವರ ಮತವನ್ನು ತಿಳಿಸಬಲ್ಲ ಬೌದ್ಧನೊಬ್ಬನೂ ಸಿಗಲಿಲ್ಲ ಎಂದು ಒಪ್ಪಿಕೊಳ್ಳುತ್ತಾನೆ. ಆತನ ಗುರುಗಳು ಬಹುಮಟ್ಟಿಗೆ ಪಂಡಿತರು. ನೇಗಿಲು ಹಿಡಿದವನ ಮಾತು, ಒಲೆಯ ಮುಂದೆ ಕುಳಿತವಳ ಮಾತು ಆ ಎಂಬತ್ತು ಅಧ್ಯಾಯಗಳಲ್ಲಿ ಕೇಳಿಬರುವುದು ಅಪರೂಪ. ಕರ್ಣಾಟದ ಹೆಸರೂ ದೂರದಿಂದ ಕಿವಿಗೆ ಬಿದ್ದುದು. ಕಿವಿಗೆ ಬಿದ್ದಷ್ಟನ್ನು ಬರೆದು, ಉಳಿದುದನ್ನು ಕಟ್ಟಿ ಹೇಳದೆ ನಿಲ್ಲಿಸಿದನಲ್ಲ, ಆ ಸಂಯಮವೇ ನನ್ನ ಹುಡುಗುತನಕ್ಕೆ ಕೊರತೆಯಾಗಿ ಕಂಡದ್ದು.

ಈ ಪಾಠವನ್ನು ನಾನು ಎಷ್ಟೋ ವರ್ಷ ತರಗತಿಯಲ್ಲಿ ಹೇಳಿದೆ. ಹೇಳಿದೆನೇ ಹೊರತು ಕಲಿತಿರಲಿಲ್ಲ. ನನ್ನ ಊರು ಪಿರಿಯಾಪಟ್ಟಣದ ಸೀಮೆಯಲ್ಲಿದೆ. ಅಲ್ಲಿಂದ ಕೆಲವೇ ಮೈಲಿಗಳಾಚೆ ಬೈಲುಕುಪ್ಪೆಯಲ್ಲಿ, ಅಂದಿನ ಮೈಸೂರು ರಾಜ್ಯ ನೀಡಿದ ನೆಲದಲ್ಲಿ, ೧೯೬೧ರಿಂದ ಟಿಬೆಟ್ಟಿನ ಜನ ನೆಲೆಸಿದ್ದಾರೆ. ಕಾಡು ಕಡಿದು, ಮುಸುಕಿನ ಜೋಳ ಬೆಳೆದು, ಮಠಗಳನ್ನು ಕಟ್ಟಿ, ನಮ್ಮ ಸಂತೆಗಳಲ್ಲಿ ನಮ್ಮ ಕನ್ನಡದಲ್ಲಿಯೇ ಚೌಕಾಶಿ ಮಾಡುತ್ತ ಬಾಳಿದ್ದಾರೆ. ಒಂದು ದಿನ ಬೆರೂನಿಯ ಪಾಠ ಮುಗಿದ ಮೇಲೆ ಆ ಕಡೆಯ ಹುಡುಗಿಯೊಬ್ಬಳು ಎದ್ದು ನಿಂತು, “ಸಾರ್, ನಮ್ಮ ಭಾಷೆಯಲ್ಲಿ ತಮಗೆ ಒಂದು ಮಾತಾದರೂ ಬರುತ್ತದೆಯೇ?” ಎಂದು ಕೇಳಿದಳು. ಆಕೆಯ ದನಿಯಲ್ಲಿ ಕುಚೋದ್ಯವಿರಲಿಲ್ಲ. ತಿಳಿಯುವ ಕುತೂಹಲವಷ್ಟೇ ಇತ್ತು. ಅವರ ಸ್ವರ್ಣಮಂದಿರವನ್ನು ನೆಂಟರಿಗೆಲ್ಲ ತೋರಿಸಿದ್ದೆ, ಅವರು ಮಾರಿದ ಸ್ವೆಟರುಗಳನ್ನು ತೊಟ್ಟು ಚಳಿಗಾಲಗಳನ್ನು ಕಳೆದಿದ್ದೆ. ಒಂದು ಪದವೂ ಬರುತ್ತಿರಲಿಲ್ಲ. ನನ್ನ ಬಾಗಿಲನ್ನು ಯಾವ ಸೈನ್ಯವೂ ಕಾಯುತ್ತಿರಲಿಲ್ಲ, ನನ್ನ ಬರವು ಹೋಗವುಗಳಿಗೆ ಯಾವ ದೊರೆಯ ಅಪ್ಪಣೆಯೂ ಬೇಕಿರಲಿಲ್ಲ. ಆದರೂ ಬರುತ್ತಿರಲಿಲ್ಲ.

“ಇಲ್ಲಮ್ಮ, ಬರುವುದಿಲ್ಲ. ನೀನೇ ಒಂದನ್ನು ಹೇಳಿಕೊಡು” ಎಂದೆ. ಉಪಕಾರವಾಯಿತು ಎನ್ನುವುದಕ್ಕೆ ತಮ್ಮಲ್ಲಿ ‘ತುಜೇಛೇ’ ಎನ್ನುತ್ತೇವೆಂದು ಆಕೆ ಹೇಳಿಕೊಟ್ಟಳು. ನಾನು ಅದನ್ನು ಕನ್ನಡದಲ್ಲಿ ಬರೆದುಕೊಂಡು, ಮನೆಯಲ್ಲಿ ನಾಲ್ಕಾರು ಸಲ ಹೇಳಿಕೊಂಡು, ಮರುದಿನ ತರಗತಿಯಲ್ಲಿ ಗಟ್ಟಿಯಾಗಿ ಉಚ್ಚರಿಸಿದೆ. ಆಕೆ ಒಂದು ಗಳಿಗೆ ಕಣ್ಣರಳಿಸಿ, “ಏನಂದಿರಿ ಸಾರ್?” ಎಂದಳು. ಆಮೇಲೆ ಗುರುತು ಹತ್ತಿ ನಕ್ಕಳು. ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆ.

ಆ ನಗುವಿನ ನಡುವೆ ನನಗೆ ಸಾವಿರ ವರ್ಷಗಳ ಹಿಂದಿನ ಆ ಮುದಿ ವಿದ್ಯಾರ್ಥಿಯ ನೆನಪಾಯಿತು. ೧೦೪೮ರ ಸುಮಾರಿಗೆ ಆತ ತೀರಿಕೊಂಡನು. ಆತನ ದೊರೆಯ ಸಾಮ್ರಾಜ್ಯವೂ ಬಹುಕಾಲ ಬಾಳಲಿಲ್ಲ. ಆತ ಬರೆದುಕೊಂಡ ಪದಗಳು ಮಾತ್ರ ಇಂದಿಗೂ ಓದಲು ಸಿಗುತ್ತವೆ. ನಾನು ಬರೆದುಕೊಂಡ ಒಂದು ಪದ ನನ್ನ ಹಳೆಯ ಟಿಪ್ಪಣಿ ಪುಸ್ತಕದಲ್ಲಿದೆ. ಅದರ ಕೆಳಗೆ ಈಚೆಗೆ ಇನ್ನೂ ಹನ್ನೊಂದು ಸೇರಿವೆ.