ಹೂ ಬಿದ್ದ ಕಣ್ಣು: ಒಂದು ಕಿರುಚರಿತ್ರೆ

‘ಕಣ್ಣಿಗೆ ಹೂ ಬಿದ್ದಿದೆ’ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು. ಕೇಳಲು ಸೊಗಸಾದ ಮಾತು. ಅದರ ಅರ್ಥ ಮಾತ್ರ ಕಠೋರ. ಕಣ್ಣಿನ ಮುಂಭಾಗದ ಪಾರದರ್ಶಕ ಪಟಲ, ಅಂದರೆ ಕಾರ್ನಿಯಾ, ಹುಣ್ಣಾಗಿ ಮಾದ ಮೇಲೆ ಉಳಿಯುವ ಬಿಳಿಯ ಕಲೆಯೇ ಆ ಹೂವು. ಈ ಪಟಲದ ದಪ್ಪ ಸುಮಾರು ಅರ್ಧ ಮಿಲಿಮೀಟರು. ಅದರ ಮೇಲ್ಪದರ ತುಸು ಗೀರಿದರೂ ರೋಗಾಣುಗಳಿಗೆ ಬಾಗಿಲು ತೆರೆದಂತೆಯೇ.

ಜರ್ಮನಿಯ ವೈದ್ಯ ಥಿಯೋಡರ್ ಸೀಮಿಷ್ 1870ರಲ್ಲಿ ಪಟಲದ ಮೇಲೆ ಹರಿದಾಡುತ್ತ ಹಬ್ಬುವ ಹುಣ್ಣನ್ನು ವಿವರಿಸಿದನು. ಹುಣ್ಣನ್ನು ಕೊಯ್ಯುವುದು, ಕಾಸಿದ ಸಲಾಕೆಯಿಂದ ಸುಡುವುದು ಅಂದಿನ ಚಿಕಿತ್ಸೆಗಳು. ಬೆಂಗಳೂರಿನಲ್ಲಿ 1896ರಲ್ಲಿ ಆರಂಭವಾದ ಕಣ್ಣಿನ ಆಸ್ಪತ್ರೆಯು 1913ರಲ್ಲಿ ಮಿಂಟೋ ಹೆಸರಿನ ಭವ್ಯ ಕಟ್ಟಡಕ್ಕೆ ಬಂದಾಗಲೂ, ಇಂತಹ ಹುಣ್ಣಿಗೆ ಪ್ರತಿಜೈವಿಕ ಔಷಧ ಜಗತ್ತಿನಲ್ಲಿ ಎಲ್ಲಿಯೂ ಇರಲಿಲ್ಲ.

ಪೆನಿಸಿಲಿನ್ ಮೊದಲು ಗುಣಪಡಿಸಿದ್ದು ಕಣ್ಣನ್ನೇ ಎಂಬುದು ಹಲವರಿಗೆ ತಿಳಿಯದು. 1930ರಲ್ಲಿ ಇಂಗ್ಲೆಂಡಿನ ಶೆಫೀಲ್ಡ್ ನಗರದಲ್ಲಿ ಸೆಸಿಲ್ ಪೇನ್ ಎಂಬ ವೈದ್ಯನು ಬೂಷ್ಟಿನ ಕಚ್ಚಾ ರಸದಿಂದ ಹಸುಗೂಸಿನ ಕಣ್ಣಿನ ಸೋಂಕನ್ನು ವಾಸಿಮಾಡಿದನು. ಅವನ ಇನ್ನೊಬ್ಬ ರೋಗಿ ಕಲ್ಲಿದ್ದಲು ಗಣಿಯ ಮ್ಯಾನೇಜರು. ಕಣ್ಣಿಗೆ ಕಲ್ಲಿನ ಚೂರು ಹೊಕ್ಕು, ನ್ಯುಮೋಕಾಕಸ್ ಸೋಂಕು ತಗುಲಿತ್ತು. ಸೋಂಕು ಅಳಿಯಿತು, ದೃಷ್ಟಿ ಉಳಿಯಿತು. ಪೇನ್ ಇದನ್ನು ಪ್ರಕಟಿಸಲಿಲ್ಲ.

ಪೀಣ್ಯದ ಗ್ರೈಂಡಿಂಗ್ ಚಕ್ರದಿಂದ ಹಾರುವ ಕಬ್ಬಿಣದ ಚೂರು ಆ ಕಲ್ಲಿನ ಚೂರಿನ ದಾಯಾದಿಯೇ ಸರಿ. ಜೊತೆಗಾರನ ಕೈಯಿಂದ ಬೆಂಕಿಕಡ್ಡಿಯಲ್ಲಿ ಅದನ್ನು ತೆಗೆಸಿಕೊಳ್ಳುವುದೂ ಹುಣ್ಣಿಗೆ ದಾರಿ. ವೈಟ್‌ಫೀಲ್ಡ್, ಎಲೆಕ್ಟ್ರಾನಿಕ್ ಸಿಟಿಯ ಕಚೇರಿಗಳಲ್ಲಿ ಚೂರು ಹಾರುವುದಿಲ್ಲ ನಿಜ. ಆದರೆ ಕಾಂಟ್ಯಾಕ್ಟ್ ಲೆನ್ಸ್ ಧರಿಸಿಯೇ ಮಲಗುವವರನ್ನು ಸ್ಯೂಡೋಮೊನಾಸ್ ಎಂಬ ಬ್ಯಾಕ್ಟೀರಿಯಾ ಕಾಡುತ್ತದೆ. ಅದು ಒಂದೆರಡು ದಿನಗಳಲ್ಲಿಯೇ ಪಟಲವನ್ನು ಕರಗಿಸಬಲ್ಲದು. ಅದಕ್ಕೆ ಹಳೆಯ ಪೆನಿಸಿಲಿನ್ ನಾಟದು. 1963ರಲ್ಲಿ ಪ್ರಕಟವಾದ ಜೆಂಟಾಮೈಸಿನ್, ಆಮೇಲೆ ಬಂದ ಸಿಪ್ರೊಫ್ಲಾಕ್ಸಾಸಿನ್ ಮುಂತಾದವು ನೆರವಿಗೆ ಬಂದವು.

ದಕ್ಷಿಣ ಭಾರತದಲ್ಲಿ ಮತ್ತೊಂದು ತೊಡಕುಂಟು. ಇಲ್ಲಿ ಶಿಲೀಂಧ್ರದ ಹುಣ್ಣುಗಳು ಬ್ಯಾಕ್ಟೀರಿಯಾದ ಹುಣ್ಣುಗಳಷ್ಟೇ ಸಾಮಾನ್ಯ. ಹುಲ್ಲು, ಕಬ್ಬಿನ ಗರಿ ತಾಗಿದ ಕಣ್ಣಿನಲ್ಲಿ ಅದನ್ನು ಹೆಚ್ಚಾಗಿ ಶಂಕಿಸಬೇಕು. ಅದಕ್ಕೆ ನ್ಯಾಟಮೈಸಿನ್ ಬೇಕು, ಪ್ರತಿಜೈವಿಕ ಹನಿಗಳು ನಿಷ್ಪ್ರಯೋಜಕ. ಸ್ಟೀರಾಯ್ಡ್ ಬೆರೆತ ಹನಿಗಳಂತೂ ಉರಿಯನ್ನು ತಗ್ಗಿಸಿ, ಒಳಗೆ ರೋಗವನ್ನು ಬೆಳೆಸುತ್ತವೆ. ಆದುದರಿಂದಲೇ ವೈದ್ಯರು ಹುಣ್ಣನ್ನು ಕೆರೆದು ಸೂಕ್ಷ್ಮದರ್ಶಕದಲ್ಲಿ ನೋಡಿ ಔಷಧ ನಿರ್ಧರಿಸುತ್ತಾರೆ. ಮೆಡಿಕಲ್ ಶಾಪಿನವರಿಗೆ ಆ ಕಣ್ಣಿಲ್ಲ.

ದೃಷ್ಟಿಗೆ ಅಡ್ಡಿಯಾಗುವ ದಟ್ಟ ಕಲೆ ಉಳಿದರೆ ಪಟಲದ ಕಸಿ ಆಸರೆಯಾಗಬಲ್ಲದು. 1905ರಲ್ಲಿ ಎಡ್ವರ್ಡ್ ಜಿರ್ಮ್ ಅದನ್ನು ಮೊದಲು ಯಶಸ್ವಿಯಾಗಿಸಿದನು. 2006ರಲ್ಲಿ ವರನಟ ಡಾ. ರಾಜಕುಮಾರರ ನೇತ್ರದಾನ, 2021ರಲ್ಲಿ ಅವರ ಮಗ ಪುನೀತರ ನೇತ್ರದಾನ ನಮ್ಮ ನಾಡಿನ ಮನಸ್ಸನ್ನು ಕಲಕಿದವು. ಪುನೀತರ ಕಣ್ಣುಗಳ ಪಟಲಗಳನ್ನು ಪದರವಾಗಿ ಬಿಡಿಸಿ ನಾಲ್ವರಿಗೆ ದೃಷ್ಟಿ ನೀಡಲಾಯಿತು.

ಆದರೆ ದಾನದ ಕಣ್ಣು ಬಯಸಿದವರಿಗೆಲ್ಲ ಸಿಗುವ ವಸ್ತುವಲ್ಲ. ಯಂತ್ರದ ಮುಂದೆ ನಿಲ್ಲುವವರು ಕನ್ನಡಕ ಧರಿಸಿರಿ. ಲೆನ್ಸ್ ಹಾಕುವವರು ಮಲಗುವ ಮುನ್ನ ತೆಗೆಯಿರಿ. ಕಣ್ಣು ಕೆಂಪಾಗಿ ನೋವಿದ್ದು ಬೆಳಕು ಚುಚ್ಚಿದರೆ ಆ ದಿನವೇ ನೇತ್ರವೈದ್ಯರನ್ನು ಕಾಣಿರಿ.