ಬಿಡಿಸುವುದು, ಬಿಡಿಸಿ ಹೇಳುವುದು

‘ಬಿಡು’ ಎಂಬ ಧಾತುವಿಗೆ ‘ಇಸು’ ಎಂಬ ಪ್ರೇರಣಾರ್ಥಕ ಪ್ರತ್ಯಯ, ಎಂದರೆ ಒಂದು ಕೆಲಸವನ್ನು ಇನ್ನೊಂದರಿಂದ ಆಗಮಾಡುವುದನ್ನು ತಿಳಿಸುವ ಪ್ರತ್ಯಯ, ಸೇರಿದಾಗ ‘ಬಿಡಿಸು’ ಎಂಬ ರೂಪ ಸಿದ್ಧವಾಗುತ್ತದೆ. ವ್ಯಾಕರಣದ ಲೆಕ್ಕದಲ್ಲಿ ಅದರ ಅರ್ಥ ‘ಬಿಡುವಂತೆ ಮಾಡು’ ಎಂಬಲ್ಲಿಗೆ ಮುಗಿಯಬೇಕಿತ್ತು. ಬಳಕೆ ಮಾತ್ರ ಅದನ್ನು ಅಲ್ಲಿ ನಿಲ್ಲಗೊಟ್ಟಿಲ್ಲ. ಅಡವಿಟ್ಟ ಒಡವೆಯನ್ನು ಹಣ ಕಟ್ಟಿ ಬಿಡಿಸಿಕೊಂಡು ಬರುತ್ತಾರೆ, ಬೀದಿಯಲ್ಲಿ ಕೈ ಮಿಲಾಯಿಸಿದವರ ಜಗಳ ಬಿಡಿಸುತ್ತಾರೆ, ತಲೆಗೂದಲಿನ ಸಿಕ್ಕು ಬಿಡಿಸುತ್ತಾರೆ, ಚಳಿಗಾಲದ ಸಂಜೆ ಮೊರದ ಸುತ್ತ ಕುಳಿತು ಅವರೆಕಾಯಿ ಬಿಡಿಸುತ್ತಾರೆ, ಹೊಲದಲ್ಲಿ ಹತ್ತಿ ಬಿಡಿಸುತ್ತಾರೆ, ಕೈ ಕಟ್ಟಿಹೋದಾಗ ಮಗುವಿನ ಶಾಲೆಯನ್ನೂ ಬಿಡಿಸುತ್ತಾರೆ. ಈ ಎಲ್ಲ ಪ್ರಯೋಗಗಳಲ್ಲಿ ಒಂದು ಇನ್ನೊಂದಕ್ಕೆ ಅಂಟಿಕೊಂಡಿರುತ್ತದೆ, ಕೈ ಅಥವಾ ಬುದ್ಧಿ ನಡುವೆ ಹೋಗಿ ಅವೆರಡನ್ನು ಬೇರೆ ಮಾಡುತ್ತದೆ. ಲೆಕ್ಕ ಬಿಡಿಸುವುದು, ಒಗಟು ಬಿಡಿಸುವುದು, ಪತ್ರಿಕೆಯ ಪದಬಂಧ ಬಿಡಿಸುವುದು ಇವೂ ಅದೇ ಸಾಲಿಗೆ ಬರುತ್ತವೆ. ಅಂಟಿಕೊಂಡದ್ದು ಏನು ಎಂಬುದಷ್ಟೇ ಇಲ್ಲಿ ಕಣ್ಣಿಗೆ ಕಾಣುವುದಿಲ್ಲ.

ದ್ರಾವಿಡ ಭಾಷೆಗಳ ಚರಿತ್ರೆಯಲ್ಲಿ ಪದದ ಮೊದಲಿನ ವಕಾರ ಕನ್ನಡಕ್ಕೆ ಬರುವಾಗ ಬಕಾರವಾಗುವುದು ನೆಲೆಗೊಂಡ ನಿಯಮ. ತಮಿಳಿನ ‘ವಿಲ್’ ಇಲ್ಲಿ ‘ಬಿಲ್ಲು’, ಅಲ್ಲಿನ ‘ವಿರಲ್’ ಇಲ್ಲಿ ‘ಬೆರಳು’, ಅಲ್ಲಿನ ‘ವಿಡು’ ಇಲ್ಲಿನ ‘ಬಿಡು’. ತಮಿಳರು ಒಗಟಿಗೆ ‘ವಿಡುಕದೈ’ ಎನ್ನುತ್ತಾರೆ, ಉತ್ತರಕ್ಕೆ ‘ವಿಡೈ’ ಎನ್ನುತ್ತಾರೆ. ಪ್ರಶ್ನೆ ಮತ್ತು ಉತ್ತರಗಳೆರಡೂ ಒಂದೇ ಬೇರಿನಿಂದ ಚಿಗುರಿದಂತೆ ಅಲ್ಲಿ ಕಾಣುತ್ತವೆ. ಕನ್ನಡ ಈ ಬೇರಿನಿಂದ ಅಂಥ ನಾಮಪದಗಳನ್ನು ಬೆಳೆಸಿಕೊಳ್ಳಲಿಲ್ಲ, ಕ್ರಿಯಾಪದವನ್ನೇ ನಂಬಿಕೊಂಡಿತು. ಒಗಟನ್ನು ‘ಒಡೆಯುವುದು’ ಎಂಬ ಮಾತೂ ಕನ್ನಡದಲ್ಲಿ ಉಂಟು, ಆದರೆ ಒಡೆಯುವುದಕ್ಕೂ ಬಿಡಿಸುವುದಕ್ಕೂ ತೆಂಗಿನಕಾಯಿಗೂ ಅವರೆಕಾಯಿಗೂ ಇರುವಷ್ಟು ಅಂತರವಿದೆ: ಒಂದಕ್ಕೆ ಒಂದೇ ಪೆಟ್ಟು ಸಾಕು, ಇನ್ನೊಂದಕ್ಕೆ ಹೊತ್ತು ಬೇಕು.

ಪದಬಂಧಕ್ಕೆ ‘ಬಿಡಿಸು’ ಒಗ್ಗಿಕೊಂಡದ್ದಕ್ಕೆ ಆ ಆಟದ ಕನ್ನಡ ಹೆಸರೇ ಮುಖ್ಯ ಕಾರಣವಿರಬೇಕು. ‘ಬಂಧ’ ಎಂದರೆ ಕಟ್ಟು. ಸಂಸ್ಕೃತ ಮತ್ತು ಕನ್ನಡಗಳ ಚಿತ್ರಕಾವ್ಯದಲ್ಲಿ, ಎಂದರೆ ಪದ್ಯದ ಅಕ್ಷರಗಳನ್ನು ಒಂದು ಆಕೃತಿಯೊಳಗೆ ಕೂಡಿಸುವ ಕಾವ್ಯಪ್ರಕಾರದಲ್ಲಿ, ಪದ್ಮಬಂಧ, ಚಕ್ರಬಂಧ, ನಾಗಬಂಧ ಮೊದಲಾದ ರಚನೆಗಳಿದ್ದು, ಅವುಗಳಲ್ಲಿ ಗೆರೆಗಳು ಕೂಡುವ ಕಡೆ ಕುಳಿತ ಒಂದೇ ಅಕ್ಷರ ಹಲವು ಸಾಲುಗಳ ಓದಿಗೆ ದುಡಿಯುತ್ತದೆ. ಪತ್ರಿಕೆಯ ಪದಬಂಧದಲ್ಲಿ ಅಡ್ಡಪದ ಮತ್ತು ಲಂಬಪದಗಳು ಕೂಡುವ ಮನೆಯ ಸ್ವಭಾವವೂ ಇದೇ ಆಗಿದೆ. ವ್ಯತ್ಯಾಸವಿಷ್ಟೆ: ಚಿತ್ರಕವಿ ತುಂಬಿದ ಆಕೃತಿಯನ್ನು ಓದುಗನ ಮುಂದಿಡುತ್ತಾನೆ, ಪದಬಂಧಕಾರ ಖಾಲಿ ಆಕೃತಿಯನ್ನು ಇಡುತ್ತಾನೆ. ಹಾಗೆ ನೋಡಿದರೆ ಪೆನ್ನು ಹಿಡಿದ ಓದುಗ ಮಾಡುವುದು ತುಂಬುವ ಕೆಲಸ, ಬಿಡಿಸುವ ಕೆಲಸವಲ್ಲ. ‘ಪದಬಂಧ ತುಂಬುವುದು’ ಎನ್ನುವವರೂ ಇದ್ದಾರೆ. ಆದರೂ ‘ಬಿಡಿಸು’ ಗೆದ್ದಿದೆ, ಏಕೆಂದರೆ ಮನೆ ತುಂಬುವುದು ಕೈಯ ಕೆಲಸ, ಅದಕ್ಕೆ ಮೊದಲು ಸುಳಿವಿನ ಗಂಟು ಸಡಿಲವಾಗಿರಬೇಕು. ಇಂಗ್ಲಿಷಿನವರ ‘ಸಾಲ್ವ್’ ಕೂಡ ಸಡಿಲಿಸು ಎಂಬ ಅರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು, ಅವರ ‘ಕ್ಲೂ’ ಮೊದಲಿಗೆ ನೂಲಿನ ಉಂಡೆ; ಗ್ರೀಕ್ ಪುರಾಣದ ಥೀಸಿಯಸ್ ಚಕ್ರವ್ಯೂಹದಂಥ ಕಟ್ಟಡದಿಂದ ಹೊರಬಂದದ್ದು ಅಂಥ ಉಂಡೆಯ ಎಳೆ ಹಿಡಿದೇ. ಕನ್ನಡದ ‘ಸುಳಿವು’ ಅಷ್ಟು ಉದಾರವಾದುದಲ್ಲ. ಅದು ‘ಸುಳಿ’ ಎಂಬುದರಿಂದ, ಹತ್ತಿರದಲ್ಲಿ ಹಾದುಹೋದುದರ ಗುರುತಿನಿಂದ, ಹುಟ್ಟಿದೆ. ಕಳ್ಳನ ಸುಳಿವು, ಮಳೆಯ ಸುಳಿವು ಎಂಬಲ್ಲಿ ಕೈಗೆ ಎಳೆಯೇನೂ ಸಿಗುವುದಿಲ್ಲ.

ಈ ಆಟದ ಹುಟ್ಟಿನ ಕಥೆ ಚಿಕ್ಕದು. ಲಿವರ್‌ಪೂಲ್‌ನಲ್ಲಿ ಹುಟ್ಟಿ ಅಮೆರಿಕೆಗೆ ಹೋದ ಆರ್ಥರ್ ವಿನ್ ಎಂಬ ಪತ್ರಕರ್ತ 1913ರ ಡಿಸೆಂಬರ್ 21ರ ‘ನ್ಯೂಯಾರ್ಕ್ ವರ್ಲ್ಡ್’ ಪತ್ರಿಕೆಗೆ ವಜ್ರಾಕೃತಿಯ ಚೌಕಟ್ಟಿನಲ್ಲಿ ಒಂದು ಪದಕ್ರೀಡೆಯನ್ನು ರಚಿಸಿಕೊಟ್ಟನು. ‘ನ್ಯೂಯಾರ್ಕ್ ಟೈಮ್ಸ್’ ಬಹುಕಾಲ ಇದನ್ನು ಹತ್ತಿರ ಸೇರಿಸದೆ, 1942ರಲ್ಲಿ ಯುದ್ಧದ ನಡುವೆ ಭಾನುವಾರದ ಸಂಚಿಕೆಗೆ ಬರಮಾಡಿಕೊಂಡಿತು, 1950ರಿಂದ ದಿನವೂ ಪ್ರಕಟಿಸತೊಡಗಿತು. ಇಂದು ಅದರ ದಿನದ ಚೌಕ ಸಾಮಾನ್ಯವಾಗಿ ಅಡ್ಡಕ್ಕೆ 15, ಉದ್ದಕ್ಕೆ 15 ಮನೆಗಳದ್ದು, ಭಾನುವಾರದ್ದು 21 ಮನೆಗಳದ್ದು; ಸೋಮವಾರ ಸುಲಭವಾಗಿ ಆರಂಭವಾಗಿ ವಾರ ಸಾಗಿದಂತೆ ಕಗ್ಗಂಟಾಗುತ್ತದೆ. ಸೋಮವಾರದಿಂದ ಗುರುವಾರದವರೆಗಿನವು ವಾಡಿಕೆಯಂತೆ ‘ಥೀಮ್’ ಇರುವ ಪದಬಂಧಗಳು. ಥೀಮ್ ಎಂದರೆ ಚೌಕದ ಉದ್ದನೆಯ ಉತ್ತರಗಳನ್ನು ಒಳಗಿನಿಂದ ಪೋಣಿಸುವ ಸೂತ್ರ. ಆ ಸೂತ್ರವನ್ನು ಬಾಯಿಬಿಟ್ಟು ಸೂಚಿಸುವ ಇನ್ನೊಂದು ಉತ್ತರವೂ ಬಹುಮಟ್ಟಿಗೆ ಅದೇ ಚೌಕದಲ್ಲಿರುತ್ತದೆ, ಅದನ್ನು ಕನ್ನಡದಲ್ಲಿ ಕೀಲಿಪದ ಎನ್ನಬಹುದು. ಚೌಕವನ್ನು ಅರ್ಧ ಸುತ್ತು ತಿರುಗಿಸಿದರೂ ಕಪ್ಪು ಮನೆಗಳ ವಿನ್ಯಾಸ ಬದಲಾಗಬಾರದೆಂಬ ಕಟ್ಟುಪಾಡು ಇರುವುದರಿಂದ ಥೀಮಿನ ಉತ್ತರಗಳು ಸಮಾನ ಉದ್ದದ ಜೋಡಿಗಳಾಗಿ ಬರಬೇಕಾಗುತ್ತದೆ.

ಇದೇ ಬಗೆಯ ಪದಬಂಧವೊಂದನ್ನು ಕನ್ನಡದಲ್ಲಿ ಕಲ್ಪಿಸಿಕೊಂಡರೆ ಬಿಡಿಸುವುದರ ಒಳಹೊರಗು ಸ್ಪಷ್ಟವಾಗುತ್ತದೆ. ಮೊದಲೇ ಹೇಳಬೇಕಾದ ಮಾತೆಂದರೆ ಕನ್ನಡದ ಒಂದು ಮನೆಯಲ್ಲಿ ಕೂರುವುದು ಕಾಗುಣಿತ ಮತ್ತು ಒತ್ತಕ್ಷರಗಳ ಸಮೇತ ಒಂದು ಇಡಿಯ ಅಕ್ಷರ. ಇಂಗ್ಲಿಷಿನ ಮನೆಯಲ್ಲಿ 26 ಅತಿಥಿಗಳ ಪೈಕಿ ಯಾರಾದರೊಬ್ಬರು ಬಂದರೆ ಸಾಕು. ಕನ್ನಡದಲ್ಲಿ 34 ವ್ಯಂಜನಗಳ ಕಾಗುಣಿತವೊಂದೇ ನಾನೂರನ್ನು ದಾಟುತ್ತದೆ, ಒತ್ತಕ್ಷರಗಳ ಲೆಕ್ಕ ಬೇರೆ. ‘ಕ’ ಇರುವ ಕಡೆ ‘ಕಾ’ ನಡೆಯುವುದಿಲ್ಲವಾದ್ದರಿಂದ ಅಡ್ಡ ಮತ್ತು ಲಂಬಪದಗಳನ್ನು ಕೂಡಿಸುವುದು ಇಲ್ಲಿ ಬಹಳ ಕಷ್ಟ, ಕಪ್ಪು ಮನೆಗಳನ್ನು ಧಾರಾಳವಾಗಿ ಬಳಸದೆ ಬೇರೆ ದಾರಿಯಿಲ್ಲ. ಈ ಮಿತಿಯೊಳಗೆ ಚೌಕದ ಉದ್ದನೆಯ ಪದಗಳ ಸುಳಿವುಗಳು ಹೀಗಿವೆ ಎಂದುಕೊಳ್ಳಬಹುದು: ‘ಸಾಂಬಾರಿಗೆ ಬೀಳುವ ಹಸಿರು ಗಡ್ಡೆ (5)’, ‘ದೇವಾಲಯದ ಮುಂದೆ ನೆಟ್ಟಗೆ ನಿಂತದ್ದು (5)’, ‘ಅರ್ಥವಾಗದಿದ್ದರೂ ಒಪ್ಪಿಸುವುದು (4)’, ‘ವಾತಾಪಿ ಗಣಪತಿಂ ಕೃತಿಯ ರಾಗ (4)’, ‘ಕಣ್ಣು ಮುಚ್ಚಿ ಹೊಂಚು ಹಾಕುವ ಬಗೆ (4)’. ಇವುಗಳ ಉತ್ತರ ಕ್ರಮವಾಗಿ ನವಿಲುಕೋಸು, ಗರುಡಗಂಬ, ಗಿಳಿಪಾಠ, ಹಂಸಧ್ವನಿ, ಬಕಧ್ಯಾನ. ಆರನೆಯ ಸುಳಿವು ‘ಮೇಲಿನಿಂದ ಇಡಿಯಾಗಿ ಕಾಣುವುದು (4)’ ಎಂದಿದ್ದು, ಅದಕ್ಕೆ ಉತ್ತರವಾದ ಪಕ್ಷಿನೋಟವೇ ಇಲ್ಲಿನ ಕೀಲಿಪದ.

ಐದು ಉತ್ತರಗಳನ್ನು ಬರೆದಾಗ ಮನೆಗಳು ತುಂಬಿರುತ್ತವೆ, ಪದಬಂಧ ಬಿಡಿಸಿದಂತಾಗಿರುವುದಿಲ್ಲ. ತರಕಾರಿ, ಕಂಬ, ಪಾಠ, ರಾಗ, ಕಪಟ ಇವುಗಳ ನಡುವೆ ಅರ್ಥದ ನಂಟೇನೂ ಇಲ್ಲ. ಕೀಲಿಪದ ಕೈಗೆ ಬಂದ ಮೇಲೆಯೇ ಪ್ರತಿ ಉತ್ತರದ ತಲೆಯಲ್ಲೂ ಒಂದೊಂದು ಹಕ್ಕಿ ಕೂತಿರುವುದು ಕಾಣುತ್ತದೆ. ಕನ್ನಡದಲ್ಲಿ ‘ಬಿಡಿ’ ಎಂದರೆ ಒಂದೊಂದಾಗಿ ಬೇರೆಯಾದದ್ದು, ‘ಇಡಿ’ ಎಂದರೆ ಒಟ್ಟಾಗಿರುವುದು. ಬಿಡಿಸುವವನು ಬಿಡಿ ಉತ್ತರಗಳಿಂದ ಇಡಿಯ ಸೂತ್ರಕ್ಕೆ ಬರಬೇಕಾದ ಈ ಘಟ್ಟದಲ್ಲಿ ‘ಬಿಡಿಸು’ ತನ್ನ ಬೇರಿನ ಅರ್ಥಕ್ಕೆ ಎದುರಾಗಿ ನಡೆಯುವಂತೆ ತೋರುತ್ತದೆ. ಆದರೆ ಅದೇ ಪದಕ್ಕೆ ಇನ್ನೊಂದು ಬಳಕೆಯೂ ಇದೆ: ಚಿತ್ರ ಬಿಡಿಸುವುದು, ರಂಗೋಲಿ ಬಿಡಿಸುವುದು. ಅಲ್ಲಿ ಏನನ್ನೂ ಬೇರ್ಪಡಿಸುವುದಿಲ್ಲ. ಸಾಲಾಗಿ ಇಟ್ಟ ಚುಕ್ಕಿಗಳ ಸುತ್ತ ಬೆರಳ ಸಂದಿಯಿಂದ ಪುಡಿಯ ಎಳೆ ಬಿಡುತ್ತ ಹೋದಂತೆ, ಮೊದಲು ಕಾಣದಿದ್ದ ಆಕೃತಿ ನೆಲದ ಮೇಲೆ ಮೂಡುತ್ತದೆ. ಎಳೆ ಬಿಡುವ ಆ ಕೈಚಳಕದಿಂದಲೇ ಪದಕ್ಕೆ ಈ ಅರ್ಥ ಬಂದಿರಬಹುದೆಂಬುದು ಊಹೆ ಮಾತ್ರ. ಒಗಟು ಸಿಕ್ಕು ಬಿಡಿಸಿದರೆ ಮುಗಿಯುತ್ತದೆ, ಥೀಮ್ ಇರುವ ಪದಬಂಧ ರಂಗೋಲಿಯನ್ನೂ ಬಿಡಿಸಿಕೊಳ್ಳುತ್ತದೆ.

ಇಲ್ಲಿಂದ ಮುಂದಿನ ಹೆಜ್ಜೆ ‘ಬಿಡಿಸಿ ಹೇಳು’. ವಿವರಿಸು ಎಂಬುದಕ್ಕೆ ಆಡುಮಾತಿನಲ್ಲಿರುವ ಈ ನುಡಿಗಟ್ಟು ಉತ್ತರ ಹೇಳುವುದಕ್ಕಿಂತ ಬೇರೆಯದು. ಪದಬಂಧದ ಉತ್ತರವೆಂದು ಮರುದಿನ ತುಂಬಿದ ಚೌಕವನ್ನಷ್ಟೇ ಮುದ್ರಿಸುವ ಪತ್ರಿಕೆಗಳು ಉತ್ತರ ಕೊಡುತ್ತವೆ, ಬಿಡಿಸಿ ಹೇಳುವುದಿಲ್ಲ. ಸೂತ್ರವನ್ನು ಕಾಣದ ಓದುಗನಿಗೆ ಆ ಚೌಕ ಅಕ್ಷರಗಳ ಗೋಡೆಯಾಗಿಯೇ ಉಳಿಯುತ್ತದೆ. ಈ ವಿಷಯದಲ್ಲಿ ಹಳೆಯವರು ಹೆಚ್ಚು ಎಚ್ಚರದಲ್ಲಿದ್ದರು, ಬೆಡಗಿನ ವಚನಗಳೆಂಬ ಗೂಢಾರ್ಥದ ವಚನಗಳಿಗೆ ಟೀಕೆ ಬರೆಯುವ ಒಂದು ಪರಂಪರೆಯೇ ಕನ್ನಡದಲ್ಲಿ ಬೆಳೆದಿದೆ. ಬಿಡಿಸಿ ಹೇಳುವವನು ಪದಬಂಧದ ಸೊಗಸನ್ನಲ್ಲದೆ ಐಬನ್ನೂ ಹೇಳಬೇಕಾಗುತ್ತದೆ. ಮೇಲಿನ ಉದಾಹರಣೆಯನ್ನೇ ತೆಗೆದುಕೊಂಡರೆ, ನವಿಲುಕೋಸನ್ನು ಹೆಚ್ಚುವವರ ಮನಸ್ಸಿಗೆ ನವಿಲು ಬರುವುದಿಲ್ಲ, ಹಂಸಧ್ವನಿ ಕೇಳುವವರಿಗೆ ಹಂಸದ ನೆನಪಾಗುವುದಿಲ್ಲ, ಹಕ್ಕಿ ಪದದೊಳಗೆ ಕರಗಿಹೋಗಿದೆ. ಗಿಳಿಪಾಠ ಮತ್ತು ಬಕಧ್ಯಾನಗಳಲ್ಲಿ ಗಿಳಿ ಗಿಳಿಯಾಗಿಯೂ ಕೊಕ್ಕರೆ ಕೊಕ್ಕರೆಯಾಗಿಯೂ ಉಳಿದಿದ್ದು, ಥೀಮ್ ಅಷ್ಟರ ಮಟ್ಟಿಗೆ ಸಪ್ಪೆಯಾಗಿದೆ. ಪಕ್ಷಿನೋಟವಂತೂ ಇಂಗ್ಲಿಷಿನಿಂದ ರೆಕ್ಕೆ ಕಟ್ಟಿಕೊಂಡು ಬಂದ ಪದ, ಆದರೂ ಇಷ್ಟು ವರ್ಷ ಇಲ್ಲಿ ಗೂಡು ಕಟ್ಟಿರುವುದರಿಂದ ಅದನ್ನು ಹೊರಗಟ್ಟುವಂತಿಲ್ಲ.

ಶಾಲೆಯ ವ್ಯಾಕರಣದಲ್ಲಿ ‘ಬಿಡಿಸಿ ಬರೆದು ಸಂಧಿ ಹೆಸರಿಸಿ’ ಎಂಬ ಪ್ರಶ್ನೆಯನ್ನು ಎದುರಿಸದ ಕನ್ನಡಿಗರು ವಿರಳ. ಒಂದು ಪದವನ್ನು ಅದು ಕೂಡಿಕೊಂಡ ಕಡೆಯಲ್ಲೇ ಬೇರ್ಪಡಿಸುವುದು ಅಲ್ಲಿನ ಶಿಸ್ತು. ಗೂಢ ಸುಳಿವಿನ ಪದಬಂಧಗಳು, ಎಂದರೆ ಸುಳಿವಿನ ಒಂದು ತುದಿಯಲ್ಲಿ ನೇರ ಅರ್ಥವನ್ನೂ ಉಳಿದ ಭಾಗದಲ್ಲಿ ಪದಚಮತ್ಕಾರವನ್ನೂ ಇಡುವ, ಬ್ರಿಟನ್ನಿನಲ್ಲಿ ಬೆಳೆದು ಭಾರತದ ಇಂಗ್ಲಿಷ್ ಪತ್ರಿಕೆಗಳಲ್ಲೂ ನೆಲೆಸಿದ ಪ್ರಕಾರ, ಈ ಶಿಸ್ತನ್ನು ಬೇಕೆಂದೇ ಮುರಿಯುತ್ತವೆ. ‘ಶಿರವನ್ನು ಬಿಕರಿ ಮಾಡೆನ್ನುವ ಪೀಳಿಗೆ (4)’ ಎಂಬ ಸುಳಿವಿಗೆ ಉತ್ತರ ‘ತಲೆಮಾರು’. ‘ಪೀಳಿಗೆ’ ನೇರ ಅರ್ಥ, ತಲೆ ಮತ್ತು ಮಾರು ಎಂದು ಒಡೆದದ್ದು ಚಮತ್ಕಾರ. ವ್ಯಾಕರಣದ ಮೇಷ್ಟ್ರು ಇಲ್ಲಿನ ‘ಮಾರು’ ಮಾರಾಟಕ್ಕೆ ಸಂಬಂಧಿಸಿದ್ದಲ್ಲವೆಂದು ಅಂಕ ಕಳೆದಾರು, ಪದಬಂಧಕಾರನಿಗೆ ಬೇಕಾದದ್ದು ಮಾತ್ರ ಅದೇ.

ಬಿಡಿಸುವುದಕ್ಕೂ ಬಿಡಿಸಿ ಹೇಳುವುದಕ್ಕೂ ನಡುವಿನ ಅಂತರವನ್ನು ತುದಿಮುಟ್ಟಿಸಿದ ಪದಬಂಧವೆಂದರೆ 1996ರ ನವೆಂಬರ್ 5ರಂದು, ಅಮೆರಿಕದ ಅಧ್ಯಕ್ಷ ಚುನಾವಣೆಯ ದಿನ, ‘ನ್ಯೂಯಾರ್ಕ್ ಟೈಮ್ಸ್’ನಲ್ಲಿ ವಿಲ್ ಶಾರ್ಟ್ಸ್ ಸಂಪಾದಕತ್ವದಲ್ಲಿ ಪ್ರಕಟವಾದದ್ದು. ಅದನ್ನು ರಚಿಸಿದವರು ಜೆರೆಮಾಯಾ ಫ್ಯಾರೆಲ್ ಎಂಬ ಗಣಿತದ ಪ್ರಾಧ್ಯಾಪಕರು. ನಾಳೆಯ ಪತ್ರಿಕೆಯ ಮುಖ್ಯ ಸುದ್ದಿ ಯಾವುದೆಂದು ನಡುವಿನ ಸುಳಿವು ಕೇಳುತ್ತಿತ್ತು. ‘ಕ್ಲಿಂಟನ್ ಇಲೆಕ್ಟೆಡ್’ ಎಂದು ತುಂಬಿದವರು ಫಲಿತಾಂಶವನ್ನು ಪತ್ರಿಕೆ ಮೊದಲೇ ಸಾರಿಬಿಟ್ಟಿದೆಯೆಂದು ದೂರವಾಣಿಯಲ್ಲಿ ಆಕ್ಷೇಪಿಸಿದರು. ಎದುರಾಳಿಯ ಹೆಸರು ಹಿಡಿದು ‘ಬಾಬ್ ಡೋಲ್ ಇಲೆಕ್ಟೆಡ್’ ಎಂದು ತುಂಬಿದರೂ ಚೌಕ ಸರಿಹೋಗುತ್ತಿತ್ತೆಂಬುದು ಅವರ ಗಮನಕ್ಕೆ ಬಂದಿರಲಿಲ್ಲ. ಇಂಗ್ಲಿಷಿನಲ್ಲಿ ಎರಡು ಹೆಸರುಗಳಿಗೂ ಏಳೇಳು ಅಕ್ಷರ, ಅವನ್ನು ದಾಟುವ ಏಳು ಲಂಬಪದಗಳ ಸುಳಿವುಗಳಿಗೂ ಎರಡೆರಡು ಉತ್ತರ. ಹ್ಯಾಲೋವೀನ್ ಹಬ್ಬದ ಕರಿಯ ಪ್ರಾಣಿ ಎಂದರೆ ‘ಕ್ಯಾಟ್’ ಎಂಬ ಬೆಕ್ಕೂ ಆಗಬಹುದು, ‘ಬ್ಯಾಟ್’ ಎಂಬ ಬಾವಲಿಯೂ ಆಗಬಹುದು; ಮೊದಲನೆಯದು ಕ್ಲಿಂಟನ್ನರ ಮೊದಲ ಅಕ್ಷರವನ್ನೂ ಎರಡನೆಯದು ಬಾಬ್ ಡೋಲರ ಮೊದಲ ಅಕ್ಷರವನ್ನೂ ಕೊಡುತ್ತದೆ. ಫ್ರೆಂಚ್ ಕಲಿಯುವವರ ಮೊದಲ ಪಾಠದ ಪದವೆಂಬ ಸುಳಿವಿಗೆ ‘ಅವನಿಗೆ’ ಎಂಬ ಅರ್ಥದ ‘ಲ್ವೀ’ ಸಲ್ಲುವಂತೆ ‘ಹೌದು’ ಎಂಬ ಅರ್ಥದ ‘ವೀ’ ಕೂಡ ಸಲ್ಲುತ್ತದೆ. ಒಂದೇ ಉತ್ತರ ಕಂಡವನು ಮನೆಗಳನ್ನೆಲ್ಲ ತಪ್ಪಿಲ್ಲದೆ ತುಂಬಿದ್ದರೂ ಈ ಪದಬಂಧವನ್ನು ಬಿಡಿಸಿರಲಿಲ್ಲ, ಯಾರಾದರೂ ಬಿಡಿಸಿ ಹೇಳುವ ತನಕ. ಕನ್ನಡದಲ್ಲಿ ಈ ತಂತ್ರ ನಡೆಯುತ್ತಿರಲಿಲ್ಲ ಎಂಬುದೂ ಇಲ್ಲಿ ಹೇಳಬೇಕಾದದ್ದೇ, ಏಕೆಂದರೆ ‘ಕ್ಲಿಂಟನ್’ ಇಲ್ಲಿ ಮೂರು ಮನೆಗಳಲ್ಲಿ ಮುಗಿಯುತ್ತದೆ, ‘ಬಾಬ್ ಡೋಲ್’ ನಾಲ್ಕು ಮನೆ ಕೇಳುತ್ತದೆ.

ಉಪಾಯ ಆ ವರ್ಷ ಹುಟ್ಟಿದ್ದೂ ಅಲ್ಲ. 1980ರ ಚುನಾವಣೆಯ ಕಾಲಕ್ಕೇ ಫ್ಯಾರೆಲ್ಲರು ಕಾರ್ಟರ್ ಮತ್ತು ರೇಗನ್ ಇಬ್ಬರಿಗೂ ಹೊಂದುವ ಚೌಕವನ್ನು ರಚಿಸಿ, ಆಗ ಅದೇ ಪತ್ರಿಕೆಯ ಪದಬಂಧ ಸಂಪಾದಕರಾಗಿದ್ದ ಯೂಜೀನ್ ಮಲೆಸ್ಕಾ ಅವರಿಗೆ ಕಳುಹಿಸಿದ್ದರು. ಪಕ್ಷೇತರ ಅಭ್ಯರ್ಥಿ ಆಂಡರ್‌ಸನ್ ಗೆದ್ದುಬಿಟ್ಟರೆ ಏನು ಗತಿ ಎಂದು ಕೇಳಿ ಮಲೆಸ್ಕಾ ಅದನ್ನು ತಿರಸ್ಕರಿಸಿದರು. ಕಾರ್ಟರ್, ರೇಗನ್ ಎಂಬ ಹೆಸರುಗಳಿಗೆ ಇಂಗ್ಲಿಷಿನಲ್ಲಿ ಆರಾರು ಅಕ್ಷರ. ಆಂಡರ್‌ಸನ್ ಎಂಬುದಕ್ಕೆ ಎಂಟು.