ನಲವತ್ತು ಮೈಲಿಯ ವೃತ್ತ

ದ್ವಾರಕಾದ ನಮ್ಮ ಅಪಾರ್ಟ್‌ಮೆಂಟಿನ ತಾರಸಿಯಲ್ಲಿ ಡಿಶ್ ಟೀವಿ ತಟ್ಟೆಗಳ ನಡುವೆ ಈಗ ನನ್ನದೂ ಒಂದು ಆಂಟೆನಾ ನಿಂತಿದೆ. ಹೋದ ದೀಪಾವಳಿಗೆ ಬಂದಿದ್ದ ಮಗ ಕಟ್ಟಿಕೊಟ್ಟು ಹೋದದ್ದು. ಆಂಟೆನಾ ಅಂದರೆ ಏನೋ ದೊಡ್ಡದು ಅಂದುಕೊಳ್ಳಬೇಡಿ, ಏಳು ಸೆಂಟಿಮೀಟರಿನ ಒಂದು ಕಡ್ಡಿ ಅಷ್ಟೆ. ಅದರಿಂದ ಒಂದು ವೈರು, ವೈರಿನ ತುದಿಗೆ ಟೀವಿ ನೋಡಲೆಂದು ತಯಾರಾದ ಒಂದು ಯುಎಸ್‌ಬಿ ಡಾಂಗಲ್, ಅದರಾಚೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ರಾಸ್ಪ್‌ಬೆರಿ ಪೈ ಕಂಪ್ಯೂಟರ್. ಆಕಾಶದಲ್ಲಿ ಹೋಗುವ ವಿಮಾನಗಳು 1090 ಮೆಗಾಹರ್ಟ್ಜ್‌ನಲ್ಲಿ ತಾವು ಯಾರು, ಎಲ್ಲಿದ್ದೇವೆ, ಎಷ್ಟು ಎತ್ತರದಲ್ಲಿದ್ದೇವೆ ಅಂತ ಪ್ರತಿ ಸೆಕೆಂಡೂ ಸಾರುತ್ತಾ ಹೋಗುತ್ತವೆ. ಪೆಟ್ಟಿಗೆ ಅದನ್ನು ಹಿಡಿದು ಮನೆಯ ಕಂಪ್ಯೂಟರಿನ ಬ್ರೌಸರಿನಲ್ಲಿ ನಕ್ಷೆಯ ಮೇಲೆ ತೋರಿಸುತ್ತದೆ.

"ಕಿಟಕಿ ತೆಗೆದರೆ ವಿಮಾನ ಕಾಣುತ್ತಲ್ಲ, ಇದೆಲ್ಲ ಯಾಕೆ?" ಅನ್ನುವುದು ನಮ್ಮ ಮನೆಯಾಕೆಯ ಪ್ರಶ್ನೆ. ಉತ್ತರ ನನ್ನಲ್ಲಿಲ್ಲ. ಬಿ.ಕಾಂ. ಓದಿ ಮೂವತ್ತು ವರ್ಷ ಲೆಡ್ಜರು, ಸಾಲದ ಫೈಲು ನೋಡಿದವನಿಗೆ ಇದೊಂದು ಹೊಸ ಚಟ ಅಂತಿಟ್ಟುಕೊಳ್ಳಿ.

ಆ ನಕ್ಷೆಯನ್ನು ನಮಗೆ ಬೇಕಾದಂತೆ ತಿದ್ದಿಕೊಳ್ಳಬಹುದು. ಟಾರ್1090 ಅನ್ನುವುದು ಅದರ ತಂತ್ರಾಂಶದ ಹೆಸರು. ಅದರಲ್ಲಿ ಕಾನ್ಫಿಗ್ ಅನ್ನುವ ಒಂದು ಫೈಲಿದೆ. ಸಾಲುಗಳ ಮುಂದೆ ಎರಡು ಓರೆಗೆರೆ ಹಾಕಿ ಮಲಗಿಸಿಟ್ಟಿರುತ್ತಾರೆ. ಗೆರೆ ಅಳಿಸಿದರೆ ಆ ಸಾಲು ಎದ್ದು ಕೂರುತ್ತದೆ. ನಕ್ಷೆಯ ನಡುಬಿಂದು ಎಲ್ಲಿರಬೇಕು, ಮನೆಯಿಂದ ಎಷ್ಟೆಷ್ಟು ದೂರಕ್ಕೆ ವೃತ್ತ ಎಳೆಯಬೇಕು, ಅದಕ್ಕೆ ಯಾವ ಬಣ್ಣ, ಅಳತೆ ನಾಟಿಕಲ್ ಮೈಲಿಯಲ್ಲೋ ಕಿಲೋಮೀಟರಿನಲ್ಲೋ... ಎಲ್ಲ ಅಲ್ಲೇ. ವಿಮಾನದ ಬಣ್ಣ ಎತ್ತರದ ಪ್ರಕಾರ ಬದಲಾಗುತ್ತದೆ. ಕೆಳಗಿದ್ದರೆ ಕಿತ್ತಳೆ, ಏರಿದಂತೆ ಹಸಿರು, ನೀಲಿ, ತೀರಾ ಮೇಲೆ ನೇರಳೆ. ಒಂದು ಚಿಹ್ನೆ ಹೆಚ್ಚುಕಮ್ಮಿಯಾಗಿ ಎರಡು ಸಲ ನಕ್ಷೆಯೇ ಮಾಯವಾಗಿತ್ತು. ಟ್ರಯಲ್ ಬ್ಯಾಲೆನ್ಸ್ ಹೊಂದದೆ ರಾತ್ರಿ ಒಂಬತ್ತರವರೆಗೆ ಕೂತು ರೂಢಿಯಿರುವುದರಿಂದ ಹೇಗೋ ಹುಡುಕಿದೆ.

ವೃತ್ತದ ಅಳತೆಗಳನ್ನು ಬದಲಿಸುತ್ತಾ ಸುಮ್ಮನೆ 40 ಅಂತ ಹಾಕಿದೆ, ನಾಟಿಕಲ್ ಮೈಲಿಯಲ್ಲಿ. ಅಂದರೆ ಸುಮಾರು 74 ಕಿ.ಮೀ. ಪಶ್ಚಿಮಕ್ಕೆ ಆ ಗೆರೆ ಎಲ್ಲಿ ಹಾದುಹೋಗುತ್ತದೆ ಅಂತ ನೋಡಿದರೆ ಪಕ್ಕದಲ್ಲೇ ಊರಿನ ಹೆಸರು: ಚರ್ಖಿ ದಾದ್ರಿ. ಕೈ ಅಲ್ಲೇ ನಿಂತಿತು.

ನಿಮ್ಮಲ್ಲಿ ಹಳಬರಿಗೆ ನೆನಪಿರಬಹುದು. 1996ರ ನವೆಂಬರ್ 12, ಮಂಗಳವಾರ. ದೀಪಾವಳಿಯ ಪಟಾಕಿ ಹೊಗೆ ಇನ್ನೂ ಆರಿರಲಿಲ್ಲ. ಸಂಜೆ 6.32ಕ್ಕೆ ದೆಹಲಿಯಿಂದ ಸೌದಿಯಾದ ಬೋಯಿಂಗ್ 747 ಹೊರಟಿತು, ಧಹ್ರಾನಿಗೆ. ಒಳಗೆ 312 ಜನ. ಅತ್ತಲಿಂದ ಕಜಕಸ್ತಾನದ ಚಿಮ್‌ಕೆಂಟಿನಿಂದ ಇಲ್ಯೂಷಿನ್-76 ದೆಹಲಿಗೆ ಇಳಿಯುತ್ತಾ ಬರುತ್ತಿತ್ತು, 37 ಜನ. ಆಗ ದೆಹಲಿಯ ಸುತ್ತಲಿನ ಆಕಾಶದ ಬಹುಪಾಲು ವಾಯುಪಡೆಯದು. ನಾಗರಿಕ ವಿಮಾನಗಳು ಆ ಕಡೆಗೆ ಹೋಗುವುದಕ್ಕೂ ಆ ಕಡೆಯಿಂದ ಬರುವುದಕ್ಕೂ ಇದ್ದದ್ದು ಒಂದೇ ದಾರಿ. ಏರುವ ವಿಮಾನಕ್ಕೆ 14,000 ಅಡಿಯಲ್ಲಿ ನಿಲ್ಲು ಅಂದಿದ್ದರು. ಇಳಿಯುವ ವಿಮಾನಕ್ಕೆ 15,000 ಅಡಿ. ಒಂದರ ತಲೆಯ ಮೇಲೆ ಇನ್ನೊಂದು, ನಡುವೆ ಸಾವಿರ ಅಡಿ. ಸೂಚನೆಯಲ್ಲಿ ತಪ್ಪಿರಲಿಲ್ಲ.

ಇಲ್ಯೂಷಿನ್ 15,000ದಲ್ಲಿ ನಿಲ್ಲಲಿಲ್ಲ. ಇಳಿಯುತ್ತಲೇ ಇತ್ತು, ಕೊನೆಗೆ 14,000ಕ್ಕಿಂತಲೂ ಕೆಳಕ್ಕೆ ಹೋಯಿತು. ನೆಲದವರೊಡನೆ ಮಾತಾಡುತ್ತಿದ್ದವನು ಪೈಲಟ್ ಅಲ್ಲ, ಬೇರೊಬ್ಬ ರೇಡಿಯೋ ಆಪರೇಟರ್. ಕೊನೆಯ ಕ್ಷಣದಲ್ಲಿ ಅವನಿಗೆ ಹೊಳೆದು, ಮೇಲೇರಿ ಅಂತ ಕೂಗಿದ. ಏರಿದರು. ಏರುತ್ತಿದ್ದ ಅದರ ಬಾಲ ಬೋಯಿಂಗಿನ ಎಡರೆಕ್ಕೆಗೆ ತಾಗಿತು. ಕೆಳಗೇ ಉಳಿದಿದ್ದರೆ ತಪ್ಪುತ್ತಿತ್ತೇನೋ. ಹತ್ತಿರದಲ್ಲಿ ಹಾರುತ್ತಿದ್ದ ಅಮೆರಿಕದ ಸೇನಾ ವಿಮಾನದ ಪೈಲಟ್, ಮೋಡ ಕಿತ್ತಳೆ ಬಣ್ಣದಲ್ಲಿ ಉರಿದದ್ದನ್ನು ನೋಡಿ ದೆಹಲಿಗೆ ತಿಳಿಸಿದ. ಆಗ ಗಂಟೆ 6.40. ಒಂದು ವಿಮಾನ ಢಾಣಿ ಗ್ರಾಮದ ಹೊಲದಲ್ಲಿ, ಇನ್ನೊಂದು ಬಿರೋಹರ್ ಗ್ರಾಮದ ಹೊಲದಲ್ಲಿ ಬಿತ್ತು. 349 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಇಂದಿಗೂ ಜಗತ್ತಿನಲ್ಲಿ ಗಾಳಿಯಲ್ಲಿ ನಡೆದ ವಿಮಾನ ಡಿಕ್ಕಿಗಳಲ್ಲಿ ಇದಕ್ಕಿಂತ ಹೆಚ್ಚು ಜನ ಸತ್ತದ್ದಿಲ್ಲ.

ಈಗ ನನ್ನ ನಕ್ಷೆಯ ವಿಷಯಕ್ಕೆ ಬರುತ್ತೇನೆ. ಪ್ರತಿ ವಿಮಾನದ ಪಕ್ಕ ಪುಟ್ಟ ಚೀಟಿಯಲ್ಲಿ ಎತ್ತರ, ಅದರ ಮುಂದೆ ಏರುತ್ತಿದೆಯೋ ಇಳಿಯುತ್ತಿದೆಯೋ ಅಂತ ಒಂದು ಬಾಣ. ಅಂದು ದೆಹಲಿಯ ಕಂಟ್ರೋಲರ್ ಮುಂದಿದ್ದ ಪರದೆಯಲ್ಲಿ ಇದು ಇರಲಿಲ್ಲ! ಅಲ್ಲಿದ್ದದ್ದು ಪ್ರಾಥಮಿಕ ರಾಡಾರ್. ನೆಲದಿಂದ ಅಲೆ ಕಳಿಸುತ್ತಾರೆ, ವಿಮಾನದ ಮೈಗೆ ಬಡಿದು ವಾಪಸ್ಸಾಗುತ್ತದೆ, ದಿಕ್ಕು ಮತ್ತು ದೂರ ಗೊತ್ತಾಗುತ್ತದೆ. ಚುಕ್ಕೆ ಕಾಣುತ್ತದೆ, ಎತ್ತರ ಕಾಣುವುದಿಲ್ಲ. ಎತ್ತರ ಬೇಕಾದರೆ ಪೈಲಟನ್ನು ಕೇಳಬೇಕು, ಅವನು ಹೇಳಿದ್ದನ್ನು ನಂಬಬೇಕು. ಬ್ಯಾಂಕಿನವನ ಭಾಷೆಯಲ್ಲಿ ಹೇಳುವುದಾದರೆ ಖಾತೆ ನಂಬರ್ ಇದೆ, ಅಮೌಂಟ್ ಕಾಲಂ ಖಾಲಿ. ಪಾರ್ಟಿ ಬಾಯಲ್ಲಿ ಹೇಳಿದ್ದೇ ಬ್ಯಾಲೆನ್ಸು.

ಎರಡನೇ ಬಗೆಯ ರಾಡಾರ್ ಬೇರೆ ದೇಶಗಳಲ್ಲಿ ಆಗಲೇ ದಶಕಗಳಿಂದ ಇತ್ತು. ಅದರ ಮೂಲ ಎರಡನೇ ಮಹಾಯುದ್ಧದ್ದು. ಬರುತ್ತಿರುವ ವಿಮಾನ ನಮ್ಮದೋ ಶತ್ರುವಿನದೋ ಅಂತ ತಿಳಿಯಲು, ನೆಲದಿಂದ ಪ್ರಶ್ನೆ ಕಳಿಸಿದರೆ ತಾನೇ ಉತ್ತರ ಕೊಡುವ ಯಂತ್ರವನ್ನು ವಿಮಾನದೊಳಗೆ ಇಟ್ಟರು. ಆ ಟ್ರಾನ್ಸ್‌ಪಾಂಡರ್ ಮುಂದೆ ಎತ್ತರವನ್ನೂ ಹೇಳಲು ಕಲಿಯಿತು. ನಮ್ಮ ತಾರಸಿಯ ಕಡ್ಡಿ ಕೇಳಿಸಿಕೊಳ್ಳುವುದು ಅದೇ ವಂಶದ ಯಂತ್ರದ ಮಾತನ್ನು, ಈಗ ಯಾರೂ ಕೇಳದೆಯೇ ಹೇಳುತ್ತದೆ ಅಷ್ಟೆ. ಎತ್ತರ ಹೇಳುವುದು ಈಗಲೂ ವಿಮಾನವೇ, ಆದರೆ ಮಾಪಕ ನೇರವಾಗಿ ಹೇಳುತ್ತದೆ. ನಡುವೆ ಒಬ್ಬರ ಬಾಯಿ, ಇನ್ನೊಬ್ಬರ ಕಿವಿ, ಮೂರನೆಯ ಭಾಷೆ ಇಲ್ಲ. 1996ರಲ್ಲಿ ದೆಹಲಿಗೂ ಹೊಸ ರಾಡಾರ್ ಬರುವುದಿತ್ತು. ಕೆಲಸ ನಡೆದಿತ್ತು, ಚಾಲೂ ಆಗಿರಲಿಲ್ಲ.

ಆಗ ದೆಹಲಿ ಹೈಕೋರ್ಟಿನಲ್ಲಿದ್ದ ನ್ಯಾಯಮೂರ್ತಿ ಆರ್.ಸಿ. ಲಾಹೋಟಿ ವಿಚಾರಣೆ ನಡೆಸಿದರು (ಮುಂದೆ ಸುಪ್ರೀಂ ಕೋರ್ಟಿನ ಮುಖ್ಯ ನ್ಯಾಯಮೂರ್ತಿಗಳಾದವರು). ಹೇಳಿದ ಎತ್ತರಕ್ಕಿಂತ ಕೆಳಗಿಳಿದದ್ದೇ ಕಾರಣ, ಇಂಗ್ಲಿಷ್ ಸರಿಯಾಗಿ ಅರ್ಥವಾಗದ್ದು ಅದರ ಹಿಂದೆ ಇದ್ದಿರಬಹುದು ಅಂತ ತೀರ್ಮಾನವಾಯಿತು. ಆಮೇಲೆ ಹೋಗುವ ದಾರಿ ಬರುವ ದಾರಿ ಬೇರೆಯಾದವು. ಎತ್ತರ ತೋರಿಸುವ ರಾಡಾರ್ ಬಂತು. ಎದುರಿನ ವಿಮಾನ ಹತ್ತಿರವಾದರೆ ಪೈಲಟಿಗೆ ತಾನೇ ಎಚ್ಚರಿಸುವ ಯಂತ್ರ ಭಾರತದಲ್ಲಿ ಕಡ್ಡಾಯವಾಯಿತು. ಅಂದಿನ ಎರಡು ವಿಮಾನದಲ್ಲೂ ಅದಿರಲಿಲ್ಲ.

ಇನ್ನೊಂದು ಕಾರಣವನ್ನೂ ಆಗ ಚರ್ಚಿಸುತ್ತಿದ್ದರು. ಸೋವಿಯತ್ ಕಾಲದ ಸಿಬ್ಬಂದಿಗೆ ಎತ್ತರ ಮೀಟರಿನಲ್ಲೇ ರೂಢಿ, ನಾವು ಹೇಳುವುದು ಅಡಿಯಲ್ಲಿ. 15,000 ಅಡಿ ಅಂದರೆ 4,572 ಮೀಟರ್, 14,000 ಅಂದರೆ 4,267. ಇದನ್ನೇ ನೋಡೋಣ ಅಂತ ಒಂದು ದಿನ ನಕ್ಷೆಯ ಅಳತೆಯನ್ನು ಮೆಟ್ರಿಕ್ ಮಾಡಿದೆ. ಚೀಟಿಗಳೆಲ್ಲ ಮೀಟರಿಗೆ ತಿರುಗಿದವು. ಆದರೆ ವೃತ್ತಕ್ಕೆ ನಾನು ಬರೆದದ್ದು ಬರೀ 40 ಅನ್ನುವ ಸಂಖ್ಯೆ ತಾನೆ? ಅದು ಈಗ 40 ಕಿಲೋಮೀಟರ್ ಆಯಿತು. ದಾದ್ರಿಯ ಹತ್ತಿರವಿದ್ದ ಗೆರೆ ಕುಗ್ಗಿ ಝಜ್ಜರ್ ಹತ್ತಿರ ಬಂದು ನಿಂತಿತು. ಯಾವ ಎಚ್ಚರಿಕೆಯೂ ಬರಲಿಲ್ಲ. ನಾನು ಗಮನಿಸಿದ್ದು ಮರುದಿನ.

ಆಗ ನನಗೆ ಇಪ್ಪತ್ತಾರು. ದೆಹಲಿಗೆ ಬಂದು ಎರಡು ವರ್ಷವಾಗಿತ್ತು, ಯಮುನೆಯಾಚೆಯ ಒಂದು ಶಾಖೆಯಲ್ಲಿ ಸೇವಿಂಗ್ಸ್ ಕೌಂಟರು. ಅಪಘಾತವಾಗಿ ತಿಂಗಳ ಮೇಲೆ ಒಬ್ಬ ಮುದುಕರು ಅಳಿಯನ ಪಾಸ್‌ಬುಕ್ ಹಿಡಿದು ಬಂದರು. ಕೂಲಿಗೆಂದು ಸೌದಿಗೆ ಹೊರಟಿದ್ದವನು. ಪ್ರಯಾಣಿಕರ ಪಟ್ಟಿಯಲ್ಲಿ ಹೆಸರಿದೆ, ದೇಹದ ಗುರುತು ಸಿಕ್ಕಿಲ್ಲ. ಖಾತೆಯಲ್ಲಿ ಎರಡು ಸಾವಿರ ಚಿಲ್ಲರೆ. ನಾಮಿನಿ ಇರಲಿಲ್ಲ. ಡೆತ್ ಸರ್ಟಿಫಿಕೇಟ್ ತನ್ನಿ ಅಂದೆ. "ಬಾಬೂಜಿ, ಪೇಪರಿನಲ್ಲಿ ಹೆಸರು ಬಂದಿದೆಯಲ್ಲ" ಅಂತ ಮಡಿಸಿದ ಪತ್ರಿಕೆ ತೆಗೆದರು. ಪತ್ರಿಕೆಯಿಂದ ಕ್ಲೇಮ್ ಆಗುವುದಿಲ್ಲ ಅಂದೆ. ಮೂರು ಸಲ ಬಂದರು, ಮೂರು ಸಲವೂ ಅದೇ ಮಾತು ಹೇಳಿದೆ. ನಿಯಮ ಹಾಗೇ ಇತ್ತು, ನಾನು ಹೇಳಿದ್ದು ಸರಿಯೇ. ಮ್ಯಾನೇಜರ ಹತ್ತಿರ ಕರೆದುಕೊಂಡು ಹೋಗಿ ಒಂದು ಇಂಡೆಮ್ನಿಟಿ ಬಾಂಡ್ ಮೇಲೆ ಏನಾದರೂ ಮಾಡಬಹುದೇ ಅಂತ ಕೇಳಬಹುದಿತ್ತು. ಆ ವಯಸ್ಸಿಗೆ ಹೊಳೆಯಲಿಲ್ಲ ಅಂತ ಹೇಳಿಕೊಳ್ಳುತ್ತೇನೆ. ನಾಲ್ಕನೇ ಸಲ ಅವರು ಬರಲಿಲ್ಲ.

ಅಳತೆಯನ್ನು ಮತ್ತೆ ನಾಟಿಕಲ್ ಮೈಲಿಗೆ ತಿರುಗಿಸಿದ್ದೇನೆ. ನಲವತ್ತರ ವೃತ್ತವನ್ನು ಉಳಿಸಿಕೊಂಡಿದ್ದೇನೆ, ಅದೊಂದಕ್ಕೆ ಮಾತ್ರ ಬೂದು ಬಣ್ಣ. ಸಂಜೆ ಆಫೀಸಿನಿಂದ ಬಂದು ನೋಡಿದರೆ ಪಶ್ಚಿಮದಿಂದ ಬರುವವು, ಪಶ್ಚಿಮಕ್ಕೆ ಹೋಗುವವು, ಬೇರೆ ಬೇರೆ ಸಾಲಿನಲ್ಲಿ ಆ ಗೆರೆ ದಾಟುತ್ತಿರುತ್ತವೆ, ಪ್ರತಿಯೊಂದರ ಪಕ್ಕ ಅದರ ಎತ್ತರ. ಮೊನ್ನೆ ಮಗ ಬೆಂಗಳೂರಿನಿಂದಲೇ ನಕ್ಷೆ ತೆರೆದು ನೋಡಿ ಫೋನು ಮಾಡಿದ. "ಅಪ್ಪಾ, ಎಲ್ಲ ವೃತ್ತಕ್ಕೂ ಬಣ್ಣ ಕೊಟ್ಟು ಅದೊಂದನ್ನ ಯಾಕೆ ಹಾಗೆ ಬಿಟ್ಟಿದ್ದೀರಿ? ಸಾಲು ತಪ್ಪಿದೆಯಾ?" ಅಂದ. 96ರಲ್ಲಿ ಅವನಿನ್ನೂ ಹುಟ್ಟಿರಲಿಲ್ಲ. ಸಾಲು ಸರಿಯಾಗೇ ಇದೆ ಅಂತ ಹೇಳಿ, ಚರ್ಖಿ ದಾದ್ರಿಯಿಂದ ಶುರುಮಾಡಿದೆ.